ಬೆನ್ನುಮೂಳೆಯ ಕಿರುಗಾಯ ಶಸ್ತ್ರಚಿಕಿತ್ಸೆಯ ರಿಟ್ರ್ಯಾಕ್ಟರ್‌ಗಳು

ಶಸ್ತ್ರಚಿಕಿತ್ಸೆಯ ವೇಳೆ ಚರ್ಮ, ಸ್ನಾಯು ಮೊದಲಾದವನ್ನು ಪಕ್ಕಕ್ಕೆ ಸರಿಸಿ ಹಿಡಿದು, ವೈದ್ಯರ ಕಣ್ಣಿಗೂ ಕೈಗೂ ದಾರಿ ಮಾಡಿಕೊಡುವ ಉಪಕರಣಕ್ಕೆ ರಿಟ್ರ್ಯಾಕ್ಟರ್ ಎಂದು ಹೆಸರು. ಸುಶ್ರುತಸಂಹಿತೆ 20 ಬಗೆಯ ಕೊಳವೆಯಾಕಾರದ ನಾಡೀಯಂತ್ರಗಳನ್ನು ಹೇಳುತ್ತದಾದರೂ, ಅವುಗಳಿಗೂ ಇಂದು ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಕೊಳವೆಯಾಕಾರದ ರಿಟ್ರ್ಯಾಕ್ಟರ್‌ಗಳಿಗೂ ವಂಶಾವಳಿ ಕಟ್ಟುವುದು ಸಲ್ಲದು.

ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆಯಾದ ಡಿಸ್ಕ್ ಹೊರಚಾಚಿ ನರವನ್ನು ಒತ್ತಿದರೆ ಕಾಲಿಗೆ ನೋವು ಇಳಿಯುತ್ತದೆಂದು 1934ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ತೋರಿಸಿದ ಮೇಲೆ ಡಿಸ್ಕ್ ಶಸ್ತ್ರಚಿಕಿತ್ಸೆ ಹರಡಿತು. ಆಗಿನ ಕ್ರಮದಲ್ಲಿ ಸ್ನಾಯುಗಳನ್ನು ಮೂಳೆಯಿಂದ ಬಿಡಿಸಿ, ಅಗಲವಾದ ಅಲಗುಗಳಿಂದ ಎಳೆದು ಹಿಡಿಯಬೇಕಾಗಿತ್ತು. 1977ರಲ್ಲಿ ನರಶಸ್ತ್ರವೈದ್ಯರಾದ ಯಾಸರ್ಗಿಲ್ ಮತ್ತು ಕ್ಯಾಸ್ಪರ್ ಸೂಕ್ಷ್ಮದರ್ಶಕದ ವಿಧಾನವನ್ನು ಪ್ರಕಟಿಸಿದಾಗ ಗಾಯ ಕಿರಿದಾಯಿತು. ಅದಕ್ಕೆ ಹೊಂದುವ ಕಿರಿದಾದ ರಿಟ್ರ್ಯಾಕ್ಟರ್‌ಗಳೂ ಬಂದವು. ಆದರೆ ಸ್ನಾಯುವನ್ನು ಬಿಡಿಸುವುದು ತಪ್ಪಲಿಲ್ಲ. ಬಹಳ ಹೊತ್ತು ಬಿಗಿಯಾಗಿ ಎಳೆದು ಹಿಡಿದರೆ ಸ್ನಾಯುವಿನೊಳಗೆ ಒತ್ತಡವೇರಿ, ರಕ್ತ ಸಂಚಾರ ಕುಗ್ಗಿ, ಸ್ನಾಯುವೇ ಹಾನಿಗೊಳ್ಳುತ್ತದೆಂದು 1990ರ ದಶಕದಲ್ಲಿ ಜಪಾನಿನ ಕವಾಗುಚಿ ಮತ್ತು ಸಂಗಡಿಗರ ಅಧ್ಯಯನಗಳು ತೋರಿಸಿದವು.

1997ರಲ್ಲಿ ಅಮೆರಿಕದ ಫೋಲಿ ಮತ್ತು ಸ್ಮಿತ್ ಪ್ರಕಟಿಸಿದ ವಿಧಾನವೇ ನಿಜವಾದ ತಿರುವು. ಇದರಲ್ಲಿ ಎಕ್ಸ್-ರೇ ಪರದೆಯನ್ನು ನೋಡುತ್ತ ಮೊದಲು ತೆಳುವಾದ ತಂತಿಯನ್ನು ಇಳಿಸಿ, ಅದರ ಮೇಲೆ ಒಂದಕ್ಕಿಂತ ಒಂದು ದಪ್ಪನಾದ ಕೊಳವೆಗಳನ್ನು ಸರದಿಯಂತೆ ತೂರಿಸುತ್ತ ಸ್ನಾಯುವಿನ ಎಳೆಗಳನ್ನು ಕತ್ತರಿಸದೆಯೇ ಬೇರ್ಪಡಿಸುತ್ತಾರೆ. ಕೊನೆಗೆ ಉಳಿಯುವ, ಸುಮಾರು 14ರಿಂದ 26 ಮಿಲಿಮೀಟರ್ ವ್ಯಾಸದ ಕೊಳವೆಯನ್ನು ಶಸ್ತ್ರಚಿಕಿತ್ಸೆಯ ಮೇಜಿಗೆ ಜೋಡಿಸಿದ ಬಾಗುವ ತೋಳಿಗೆ ಬಿಗಿದರೆ, ಅದನ್ನು ಹಿಡಿದು ನಿಲ್ಲುವ ಸಹಾಯಕರ ಅಗತ್ಯವೂ ಇರುವುದಿಲ್ಲ. ಸುತ್ತಲಿನ ಒತ್ತಡ ಸಮನಾಗಿ ಹಂಚಿಹೋಗುವುದು ಇದರ ಗುಣ. ಇಕ್ಕಟ್ಟಾದ ಜಾಗದಲ್ಲಿ ಉಪಕರಣಗಳು ಒಂದಕ್ಕೊಂದು ತಾಗುವುದು, ಕಲಿಯಲು ಬಹುಕಾಲ ಹಿಡಿಯುವುದು ಇದರ ದೋಷ. ಒಳಗೆ ಇಳಿದ ಮೇಲೆ ಅಲಗುಗಳನ್ನು ಅರಳಿಸಬಹುದಾದ ರಿಟ್ರ್ಯಾಕ್ಟರ್‌ಗಳು ಅನಂತರದವು.

ಕರ್ನಾಟಕದಲ್ಲಿ ನರಶಸ್ತ್ರಚಿಕಿತ್ಸೆ ಬೇರೂರಿದ್ದು ಮುಂದೆ ನಿಮ್ಹಾನ್ಸ್ ಆದ ಬೆಂಗಳೂರಿನ ಸಂಸ್ಥೆಯಲ್ಲಿ, ಡಾ. ಆರ್.ಎಂ. ವರ್ಮಾ ಅವರ ನೇತೃತ್ವದಲ್ಲಿ. ಇಲ್ಲಿಯೂ ಕೊಳವೆ ರಿಟ್ರ್ಯಾಕ್ಟರ್‌ಗೆ ಸೂಕ್ಷ್ಮದರ್ಶಕ ಅಥವಾ ಎಂಡೋಸ್ಕೋಪ್, ಎಕ್ಸ್-ರೇ ಯಂತ್ರ, ಪಳಗಿದ ಕೈ ಇವೆಲ್ಲ ಒಟ್ಟಿಗೇ ಬೇಕಾಗುವುದರಿಂದ ಅದು ದೊಡ್ಡ ನಗರಗಳ ಆಸ್ಪತ್ರೆಗಳ ಉಪಕರಣವಾಗಿಯೇ ಬೆಳೆಯಿತು. ಕೊಪ್ಪಳ ತಾಲ್ಲೂಕಿನ ಅಳವಂಡಿಯಂಥ ಊರಿಗೆ ಇದು ದೂರದ ಮಾತು.

ಚಿಕ್ಕ ಗಾಯವೆಂದರೆ ಉತ್ತಮ ಫಲವೆಂಬ ಪ್ರಚಾರವನ್ನು ಮಾತ್ರ ಪೂರ್ತಿ ಒಪ್ಪಲಾಗದು. 328 ರೋಗಿಗಳ ಮೇಲೆ ನೆದರ್ಲೆಂಡ್ಸ್‌ನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಕೊಳವೆಯ ವಿಧಾನ ರೂಢಿಯ ಸೂಕ್ಷ್ಮದರ್ಶಕ ವಿಧಾನಕ್ಕಿಂತ ಮೇಲೆನಿಸಲಿಲ್ಲ. ಒಂದು ವರ್ಷದ ಬಳಿಕ ಕಾಲುನೋವು, ಸೊಂಟನೋವುಗಳಲ್ಲಿ ಹಳೆಯ ವಿಧಾನದವರೇ ತುಸು ಮುಂದಿದ್ದರು.