ಸ್ವಯಂಸೇವಕರಿಗೆ ನಿಯಮಕ್ಕಿಂತ ಸ್ಪಷ್ಟ ಮಾತು ಮೇಲು

ಹಾಸನ ಜಿಲ್ಲೆಯ ಧರ್ಮಕೇಂದ್ರಗಳು 1963ರಲ್ಲಿ ರಚನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. ಇತರೆಡೆಯಂತೆ ಇಲ್ಲಿಯೂ ಗಾನವೃಂದ, ಬೈಬಲ್ ವಾಚನ, ದೇವಾಲಯದ ಶುಚಿತ್ವ, ಹಬ್ಬದ ಊಟ ಬಡಿಸುವುದು ಎಲ್ಲವೂ ಸ್ವಯಂಸೇವಕರನ್ನೇ ನೆಚ್ಚಿಕೊಂಡಿವೆ. ಇವರನ್ನು ಮುನ್ನಡೆಸುವುದು ಹೇಗೆಂಬ ಪ್ರಶ್ನೆ ಪ್ರತಿ ಪಾಲನಾ ಮಂಡಳಿಯ ಮುಂದೆಯೂ ಬರುತ್ತದೆ.

"ಮೂರು ಸಲ ಗೈರುಹಾಜರಾದವರನ್ನು ಕೈಬಿಡಲಾಗುವುದು" ಎಂಬ ನಿಯಮವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹಾಸನದ ಸುತ್ತಮುತ್ತ ಮುಂಗಾರು ಮಳೆ ಬಿದ್ದೊಡನೆ ಆಲೂಗೆಡ್ಡೆ ಬಿತ್ತನೆಯ ಆತುರ. ಅರಕಲಗೂಡಿನ ಕಡೆ ತಂಬಾಕು ಹದ ಮಾಡುವಾಗ ಬ್ಯಾರನ್‌ಗಳ ಬೆಂಕಿಯನ್ನು ಹಗಲಿರುಳು ಕಾಯಬೇಕು. ಆಗ ಭಾನುವಾರವೂ ಬಿಡುವಿಲ್ಲ. ನಿಯಮವನ್ನು ಪಾಲಿಸಿದರೆ ಹೊರಗುಳಿಯುವವರು ಸೋಮಾರಿಗಳಲ್ಲ, ರೈತರು. ಪಾಲಿಸದಿದ್ದರೆ ನಿಯಮಕ್ಕೇ ಬೆಲೆಯಿಲ್ಲ. "ಬರಲಾಗದಿದ್ದರೆ ಶನಿವಾರ ಸಂಜೆಯೊಳಗೆ ತಿಳಿಸಿ, ಆದರೆ ಬದಲಿಗೆ ಒಬ್ಬರನ್ನು ಒಪ್ಪಿಸಿ" ಎಂದು ಮೊದಲೇ ಹೇಳಿದ್ದರೆ ವಾಚನವೂ ನಿಲ್ಲುವುದಿಲ್ಲ, ಮನಸ್ಸೂ ಮುರಿಯುವುದಿಲ್ಲ.

ಆದಿ ಧರ್ಮಸಭೆಯೂ ಈ ದಾರಿಯನ್ನೇ ಹಿಡಿಯಿತು. ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರು ಬಂದಾಗ ಪ್ರೇಷಿತರು ನಿಯಮಾವಳಿ ಬರೆಯಲು ಕೂರಲಿಲ್ಲ. ಎಂಥವರು ಬೇಕೆಂದು ಹೇಳಿ, ಏಳು ಮಂದಿಯನ್ನು ಆರಿಸುವ ಹೊಣೆಯನ್ನು ಸಮುದಾಯಕ್ಕೇ ಬಿಟ್ಟರು. ಪ್ರಾರ್ಥಿಸಿ ಕೆಲಸ ಒಪ್ಪಿಸಿದರು. ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯವನ್ನು ಮಂಡಳಿಯ ಸಭೆಯಲ್ಲಿ ಒಮ್ಮೆ ಓದಬಹುದು.

ಸೇವೆಗೆ ಯಾರನ್ನಾದರೂ ಕರೆಯುವ ಮೊದಲು ನಾವು ನಾಲ್ಕು ಸಂಗತಿಗಳನ್ನು ತಿಳಿಸಬೇಕು:

1. ಮಾಡಬೇಕಾದ ಕೆಲಸ ನಿಖರವಾಗಿ ಯಾವುದು?
2. ವಾರಕ್ಕೆ ಎಷ್ಟು ಹೊತ್ತು, ಎಷ್ಟು ತಿಂಗಳು ಅಥವಾ ವರ್ಷ?
3. ತೊಂದರೆಯಾದರೆ ಯಾರಿಗೆ ಹೇಳಬೇಕು?
4. ಧರ್ಮಕೇಂದ್ರ ಅವರಿಗೆ ಏನು ಕೊಡುತ್ತದೆ?

ನಾಲ್ಕನೆಯದು ಮರೆತುಹೋಗುವುದೇ ಹೆಚ್ಚು. ವಿಶೇಷ ಸೇವೆಗೆ ಮುಡಿಪಾಗುವ ಶ್ರೀಸಾಮಾನ್ಯರು ತಕ್ಕ ತರಬೇತಿ ಪಡೆಯಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 231ನೇ ವಿಧಿ ಹೇಳುತ್ತದೆ. ಧರ್ಮೋಪದೇಶ ಕಲಿಸಲು ಹೊಸಬರ ಕೈಗೆ ಪುಸ್ತಕ ಕೊಟ್ಟು ಕಳುಹಿಸಿದರೆ ಸಾಲದು. ಅನುಭವಿಗಳೊಂದಿಗೆ ಕೆಲವು ವಾರ ಕೂರಿಸಿ, ಆಮೇಲೆ ತರಗತಿ ಒಪ್ಪಿಸಬೇಕು.

ಹಾಗೆಂದು ನಿಯಮಗಳೇ ಬೇಡವೆಂದಲ್ಲ. ಎರಡು ಕಡೆ ಸಡಿಲಿಕೆ ಸಲ್ಲದು. ಒಂದು, ಹಣ: ಕಾಣಿಕೆಯನ್ನು ಒಬ್ಬರೇ ಎಣಿಸಬಾರದು, ಲೆಕ್ಕ ಅಂದೇ ಬರೆದಿಡಬೇಕು. ಇನ್ನೊಂದು, ಮಕ್ಕಳ ಸುರಕ್ಷೆ. 2012ರ ಪೋಕ್ಸೋ ಕಾಯಿದೆಯ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧದ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಪ್ರತಿ ಸ್ವಯಂಸೇವಕರಿಗೂ ಮೊದಲ ದಿನವೇ ಹೇಳಿರಬೇಕು. ನಿಯಮಗಳು ಕಡಿಮೆಯಿದ್ದಾಗಲೇ ಇಂಥವುಗಳ ತೂಕ ಎಲ್ಲರಿಗೂ ಅರಿವಾಗುತ್ತದೆ.

ಹೇಳಿದ ಮೇಲೂ ಕೆಲಸ ತಪ್ಪಿದರೆ? ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಪ್ರಭು ಯೇಸು ಮೊದಲು ಇಬ್ಬರೇ ಇರುವಾಗ ಮಾತಾಡಲು ಕಲಿಸುತ್ತಾರೆ. ಸೂಚನಾ ಫಲಕದಲ್ಲಿ ಹೆಸರು ಹಾಕುವುದು, ಬಲಿಪೂಜೆಯ ಪ್ರಕಟಣೆಯಲ್ಲಿ ಚುಚ್ಚಿ ಮಾತಾಡುವುದು ಬೇಡ. ಮನೆಗೆ ಹೋಗಿ ವಿಚಾರಿಸೋಣ. ಕಾಯಿಲೆಯೋ, ಸಾಲವೋ, ಬೇಸರವೋ ಅಲ್ಲಿ ತಿಳಿಯುತ್ತದೆ. ಅಗತ್ಯವಿದ್ದರೆ ಹಗುರವಾದ ಬೇರೆ ಸೇವೆ ಕೊಡೋಣ. ಬಿಡುವು ಕೇಳಿದರೆ ಇಷ್ಟು ದಿನದ ಸೇವೆಗೆ ಕೃತಜ್ಞತೆ ಹೇಳಿ ಕಳುಹಿಸೋಣ. ಹಾಗೆ ಹೋದವರಿಗೆ ಮತ್ತೆ ಬರಲು ದಾರಿ ತೆರೆದಿರುತ್ತದೆ.