ಶಂಬೂಕವೃತ್ತಾಂತ: ವಸ್ತುಸಂಗತಿಯೂ ಪಾತ್ರೌಚಿತ್ಯವೂ

೧

ಕೋಲಾರದ ಸೀಮೆಗೂ ರಾಮಾಯಣದ ಉತ್ತರಕಾಂಡಕ್ಕೂ ಹಳೆಯ ನಂಟುಂಟು. ಮುಳಬಾಗಿಲು ತಾಲ್ಲೂಕಿನ ಆವನಿಯ ಬೆಟ್ಟವು ವಾಲ್ಮೀಕಿಯ ಆಶ್ರಮವಾಗಿತ್ತೆಂದೂ, ಪರಿತ್ಯಕ್ತೆಯಾದ ಸೀತೆಯು ಅಲ್ಲಿಯೇ ಕುಶಲವರನ್ನು ಹಡೆದಳೆಂದೂ ಆ ಸ್ಥಳದ ಜನರು ತಲೆಮಾರುಗಳಿಂದ ನಂಬಿಬಂದಿದ್ದಾರೆ. ಅಲ್ಲಿಯ ನೊಳಂಬರ ಕಾಲದ ದೇವಾಲಯಗಳ ಗುಂಪಿನಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಈಶ್ವರಾಲಯಗಳುಂಟು. ಮುಳಬಾಗಿಲಿಗೆ ಉತ್ತರದಲ್ಲಿರುವ ಶ್ರೀನಿವಾಸಪುರವು ಆಂಧ್ರದ ಗಡಿಯನ್ನು ಮುಟ್ಟಿದ ತಾಲ್ಲೂಕು. ಮನೆಯಲ್ಲಿ ತೆಲುಗನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುವ ಕುಟುಂಬಗಳು ಅಲ್ಲಿ ಬಹಳ. ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಮಾಸ್ತಿ ಎಂಬ ಗ್ರಾಮವು ಕನ್ನಡದ ಹಿರಿಯ ಕಥೆಗಾರರೊಬ್ಬರಿಗೆ ತನ್ನ ಹೆಸರನ್ನೇ ಕೊಟ್ಟಿದೆ.

ಈ ಮೂರು ಸ್ಥಳಗಳನ್ನು ಒಟ್ಟಿಗೆ ನೆನೆಯುವುದಕ್ಕೆ ಕಾರಣವಿದೆ. ಉತ್ತರಕಾಂಡದ ಶಂಬೂಕವೃತ್ತಾಂತವನ್ನು ಕುರಿತು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ತೆಲುಗಿನಲ್ಲೊಂದು, ಕನ್ನಡದಲ್ಲೊಂದು ನಾಟಕ ಹುಟ್ಟಿದುವು. ಕನ್ನಡದ ನಾಟಕವನ್ನು ಕುರಿತು ನಡೆದ ಪ್ರಸಿದ್ಧವಾದ ವಾದದಲ್ಲಿ ಒಂದು ಪಕ್ಷವನ್ನು ಹಿಡಿದವರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ಇನ್ನೊಂದು ಪಕ್ಷದವರು ನಾಟಕದ ಕರ್ತೃಗಳಾದ ಕುವೆಂಪು ಅವರು. ಇದನ್ನು ಹಳಬರಿಗೂ ಹೊಸಬರಿಗೂ ನಡೆದ ಜಗಳವೆಂದು ತಿಳಿಯುವುದು ವಾಡಿಕೆಯಾಗಿದೆ. ಆ ತಿಳಿವಳಿಕೆ ಸಾಲದೆಂದೂ, ಇಬ್ಬರೂ ಹೇಳಿದ್ದು ಒಂದೇ ಹಳೆಯ ಸೂತ್ರದ ಎರಡು ಭಾಗಗಳನ್ನೆಂದೂ ತೋರಿಸುವುದು ಈ ಲೇಖನದ ಉದ್ದೇಶ.

೨

ಅಪರಾಧವನ್ನೂ ದಂಡನೆಯನ್ನೂ ವಸ್ತುವಾಗಿ ಉಳ್ಳ ಯಾವ ಕಥೆಯನ್ನು ಕೇಳಿದರೂ ಸಹೃದಯನು ಎರಡು ಪ್ರಶ್ನೆಗಳನ್ನು ಹಾಕುತ್ತಾನೆ. ಕಾರ್ಯಕ್ಕೂ ಕಾರಣಕ್ಕೂ ಕೊಂಡಿ ಸರಿಯಾಗಿ ಕೂಡಿತೆ ಎಂಬುದು ಮೊದಲನೆಯದು. ಈ ಮನುಷ್ಯನು ಈ ಕೆಲಸವನ್ನು ಮಾಡತಕ್ಕವನೆ ಎಂಬುದು ಎರಡನೆಯದು. ಮೊದಲನೆಯದನ್ನು ವಸ್ತುಸಂಗತಿಯೆಂದೂ ಎರಡನೆಯದನ್ನು ಪಾತ್ರೌಚಿತ್ಯವೆಂದೂ ಕರೆಯಬಹುದು. ಶಂಬೂಕವೃತ್ತಾಂತವಾದರೋ ಆದ್ಯಂತವಾಗಿ ಒಂದು ವಿಚಾರಣೆಯ ಕಥೆ: ಒಂದು ಅಕಾಲಮರಣ, ಅರಮನೆಯ ಬಾಗಿಲಲ್ಲಿ ಒಂದು ದೂರು, ಕಾರಣದ ಶೋಧನೆ, ತಪ್ಪಿತಸ್ಥನೆಂದು ಎಣಿಸಲ್ಪಟ್ಟವನ ಪತ್ತೆ, ದಂಡನೆ.

ವಾಲ್ಮೀಕಿರಾಮಾಯಣದಲ್ಲಿ ಕಥೆ ಹೀಗಿದೆ. ವೃದ್ಧ ಬ್ರಾಹ್ಮಣನೊಬ್ಬನು ಸತ್ತ ಬಾಲಕನನ್ನು ಎತ್ತಿಕೊಂಡು ರಾಜದ್ವಾರಕ್ಕೆ ಬಂದು, ಮಗನ ಸಾವಿಗೆ ಅರಸನ ದೋಷವೇ ಕಾರಣವೆಂದು ಗೋಳಿಡುತ್ತಾನೆ. ರಾಮನು ಋಷಿಗಳನ್ನು ಕರೆಯಿಸುತ್ತಾನೆ. ನಾರದನು ಯುಗಧರ್ಮವನ್ನು ವಿವರಿಸಿ, ರಾಜ್ಯದಲ್ಲಿ ಶೂದ್ರನೊಬ್ಬನು ತಪಸ್ಸು ಮಾಡುತ್ತಿರುವುದೇ ಇದಕ್ಕೆ ಕಾರಣವೆನ್ನುತ್ತಾನೆ. ರಾಮನು ಪುಷ್ಪಕವನ್ನೇರಿ ದಿಕ್ಕುಗಳನ್ನೆಲ್ಲ ಹುಡುಕಿ, ಕಡೆಗೆ ದಕ್ಷಿಣದಲ್ಲಿ ಶೈವಲಪರ್ವತದ ಉತ್ತರದ ಮಗ್ಗುಲಲ್ಲಿ, ಸರೋವರವೊಂದರ ಬಳಿ, ತಲೆಕೆಳಗಾಗಿ ತೂಗುತ್ತ ತಪಸ್ಸು ಮಾಡುವವನನ್ನು ಕಾಣುತ್ತಾನೆ. ಕುಲವನ್ನು ಕೇಳುತ್ತಾನೆ. ತಪಸ್ವಿಯು ಮರೆಮಾಚದೆ ತಾನು ಶೂದ್ರನೆಂದೂ ಸಶರೀರನಾಗಿ ದೇವತ್ವವನ್ನು ಪಡೆಯಬಯಸಿದವನೆಂದೂ ಹೇಳುತ್ತಾನೆ. ಆ ಮಾತು ಮುಗಿಯುವಷ್ಟರಲ್ಲಿ ರಾಮನ ಖಡ್ಗ ಅವನ ತಲೆಯನ್ನು ಕತ್ತರಿಸುತ್ತದೆ. ಅದೇ ಮುಹೂರ್ತದಲ್ಲಿ ಬಾಲಕನು ಜೀವಿಸುತ್ತಾನೆ.

ಉತ್ತರಕಾಂಡವು ಆದಿಕವಿಯ ಕೃತಿಯೇ ಅಲ್ಲ, ಈಚಿನವರು ಸೇರಿಸಿದ್ದೆಂದು ಹೇಳುವ ವಿದ್ವಾಂಸರು ಅನೇಕರು. ಅದಂತಿರಲಿ, ೧೯೬೦ರಿಂದ ೧೯೭೫ರವರೆಗೆ ಬರೋಡದಲ್ಲಿ ಪ್ರಕಟವಾದ ಪರಿಶೋಧಿತ ಆವೃತ್ತಿಯೂ ಈ ಪ್ರಸಂಗವನ್ನು ಉತ್ತರಕಾಂಡದಲ್ಲಿ ಉಳಿಸಿಕೊಂಡಿದೆ. ಕವಿಗಳಂತೂ ಇದನ್ನು ರಾಮಕಥೆಯ ಅಂಗವೆಂದೇ ಎಣಿಸಿ ಬರೆದರು. ಹಾಗೆ ಬರೆದವರು ಮಾಡಿಕೊಂಡ ವ್ಯತ್ಯಾಸಗಳನ್ನು ನೋಡಿದರೆ, ಕಥೆಯ ಯಾವ ಕೊಂಡಿ ಅವರನ್ನು ಕಾಡಿತೆಂಬುದು ತಿಳಿಯುತ್ತದೆ.

೩

ಕಾಳಿದಾಸನು ರಘುವಂಶದ ಹದಿನೈದನೆಯ ಸರ್ಗದಲ್ಲಿ ಈ ವೃತ್ತಾಂತವನ್ನು ಕೆಲವೇ ಶ್ಲೋಕಗಳಲ್ಲಿ ಮುಗಿಸಿದ್ದಾನೆ. ಆದರೆ ಆ ಸಂಕ್ಷೇಪದಲ್ಲಿಯೇ ಎರಡು ಮಾರ್ಪಾಟುಗಳುಂಟು. ಅಲ್ಲಿ ರಾಮನು ಪುಷ್ಪಕವನ್ನು ನೆನೆಯುವುದು ಯಾವ ತಪಸ್ವಿಯನ್ನು ಹುಡುಕುವುದಕ್ಕೂ ಅಲ್ಲ, ಯಮನನ್ನೇ ಜಯಿಸಿ ಬಾಲಕನನ್ನು ತರುವುದಕ್ಕೆ. ನಾರದನ ಯುಗಧರ್ಮೋಪದೇಶವೂ ಅಲ್ಲಿಲ್ಲ. ಹೊರಟ ಅರಸನ ಮುಂದೆ ಅಶರೀರವಾಣಿಯೊಂದು, ಪ್ರಜೆಗಳಲ್ಲಿ ಏನೋ ಅಪಚಾರ ನಡೆಯುತ್ತಿದೆ, ಅದನ್ನು ಹುಡುಕಿ ಶಮನಮಾಡು ಎಂದಷ್ಟೇ ಹೇಳುತ್ತದೆ. ತಪ್ಪಿತಸ್ಥನ ಹೆಸರನ್ನಾಗಲಿ ಕುಲವನ್ನಾಗಲಿ ಅದು ಹೇಳುವುದಿಲ್ಲ. ರಾಮನ ಮೊದಲ ಪ್ರವೃತ್ತಿ ಮೃತ್ಯುವಿನೊಡನೆ ಹೋರಾಡುವುದೆಂದು ತೋರಿಸಿ ಕವಿಯು ನಾಯಕನ ಔದಾರ್ಯವನ್ನು ಕಾಪಾಡಿದ್ದಾನೆ. ವಧೆಯಾದ ಮೇಲೆ, ಅರಸನಿಂದಲೇ ದಂಡಿತನಾದ ಶಂಬೂಕನಿಗೆ ತಪಸ್ಸಿನಿಂದಲೂ ದೊರೆಯದಿದ್ದ ಸದ್ಗತಿ ದೊರೆಯಿತೆಂದು ಹೇಳಿ ದಂಡನೆಯ ಕಾಠಿನ್ಯವನ್ನು ತಗ್ಗಿಸಿದ್ದಾನೆ. ಕಾರಣದ ಕೊಂಡಿಯನ್ನು ಮಾತ್ರ ಮುಟ್ಟಲಿಲ್ಲ.

ಭವಭೂತಿಯು ಉತ್ತರರಾಮಚರಿತದ ಎರಡನೆಯ ಅಂಕದಲ್ಲಿ ಇನ್ನೂ ಮುಂದೆ ಹೋದನು. ಖಡ್ಗವನ್ನೆತ್ತಿದ ರಾಮನು ತನ್ನ ಬಲಗೈಯನ್ನೇ ಸಂಬೋಧಿಸಿ, ಪೂರ್ಣಗರ್ಭಿಣಿಯಾದ ಸೀತೆಯನ್ನು ಕಾಡಿಗಟ್ಟಿದ ರಾಮನ ಅಂಗವಲ್ಲವೆ ನೀನು, ನಿನಗೆ ಕರುಣೆಯೆಲ್ಲಿಯದು ಎಂದು ಹೀಯಾಳಿಸುತ್ತಾನೆ. ಒಂದೇ ಮಾತಿನಿಂದ ಕವಿಯು ಶಂಬೂಕವಧೆಯನ್ನೂ ಸೀತಾಪರಿತ್ಯಾಗವನ್ನೂ ಒಂದೇ ತಕ್ಕಡಿಯಲ್ಲಿಟ್ಟನು. ಎರಡೂ ರಾಜಧರ್ಮದ ಹೆಸರಿನಲ್ಲಿ ಆದ ಕೆಲಸಗಳು. ಎರಡರಲ್ಲಿಯೂ ಮಾಡಿದವನ ಮನಸ್ಸು ಮಾಡಿದ್ದನ್ನು ಒಪ್ಪಿಲ್ಲ. ಇದಲ್ಲದೆ, ಹತನಾದ ಶಂಬೂಕನು ದಿವ್ಯಪುರುಷನಾಗಿ ಬಂದು ರಾಮನಿಗೆ ನಮಸ್ಕರಿಸಿ, ಅದು ದಂಡಕಾರಣ್ಯವೆಂದು ನೆನಪುಮಾಡಿಕೊಡುತ್ತಾನೆ. ಮೂರನೆಯ ಅಂಕದಲ್ಲಿ ಪಂಚವಟಿಯನ್ನು ಕಂಡು ರಾಮನು ಮೂರ್ಛೆಹೋಗುವುದಕ್ಕೂ, ಅದೃಶ್ಯಳಾದ ಸೀತೆಯು ಅವನನ್ನು ಕರಸ್ಪರ್ಶದಿಂದ ಎಚ್ಚರಿಸುವುದಕ್ಕೂ ಬಾಗಿಲು ತೆರೆದವನು ಶಂಬೂಕನೇ. ಅಂದರೆ, ಮೂಲದಲ್ಲಿ ಬಿಡಿಯಾಗಿ ನಿಂತಿದ್ದ ಉಪಕಥೆಯನ್ನು ಭವಭೂತಿಯು ನಾಟಕದ ಪ್ರಧಾನವಸ್ತುವಿಗೆ ಕೀಲಾಗಿ ಮಾಡಿಕೊಂಡನು. ಬಸವಪ್ಪಶಾಸ್ತ್ರಿಗಳ ಅನುವಾದದಿಂದ ಈ ನಾಟಕವು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕನ್ನಡಕ್ಕೆ ಬಂದಿತು.

ಜೈನಪರಂಪರೆಯ ಕಥೆ ಬೇರೆಯದು. ವಿಮಲಸೂರಿಯ ಪಉಮಚರಿಯದಲ್ಲಿ ಶಂಬೂಕನು ರಾವಣನ ತಂಗಿ ಚಂದ್ರನಖಿಯ ಮಗ. ಸೂರ್ಯಹಾಸವೆಂಬ ಖಡ್ಗದ ಸಿದ್ಧಿಗಾಗಿ ಅವನು ಬಿದಿರಮೆಳೆಯೊಳಗೆ ಕುಳಿತು ತಪಸ್ಸು ಮಾಡುತ್ತಿದ್ದನು. ಆ ಖಡ್ಗವನ್ನು ಕಂಡ ಲಕ್ಷ್ಮಣನು ಅದರ ಹರಿತವನ್ನು ನೋಡುವುದಕ್ಕೆಂದು ಮೆಳೆಗೆ ಬೀಸಿದಾಗ ಒಳಗಿದ್ದವನ ತಲೆ ಉರುಳುತ್ತದೆ. ಮಗನನ್ನು ಅರಸಿ ಬಂದ ತಾಯಿಯಿಂದ ಮುಂದಿನ ವೈರವೆಲ್ಲ ಬೆಳೆಯುತ್ತದೆ. ಇಲ್ಲಿ ವರ್ಣದ ಪ್ರಶ್ನೆಯಿಲ್ಲ, ದಂಡನೆಯೂ ಇಲ್ಲ; ಅರಿಯದೆ ಆದ ಕೊಲೆಯೊಂದು ಮಹಾಯುದ್ಧಕ್ಕೆ ಬೀಜವಾಗಿದೆ. ಕಾರ್ಯಕಾರಣಗಳ ದೃಷ್ಟಿಯಿಂದ ನೋಡಿದರೆ ಈ ಕಟ್ಟು ಬಹಳ ಬಿಗಿಯಾದುದು. ಕನ್ನಡದಲ್ಲಿ ರಾಮಚಂದ್ರಚರಿತಪುರಾಣವನ್ನು ರಚಿಸಿದ ನಾಗಚಂದ್ರನು ವಿಮಲಸೂರಿಯ ಪರಂಪರೆಯವನೇ.

೪

ಗಡಿಯಾಚೆಯ ತೆಲುಗಿನಲ್ಲಿ ತ್ರಿಪುರನೇನಿ ರಾಮಸ್ವಾಮಿ ಚೌಧರಿಯವರ ಶಂಬೂಕವಧ ನಾಟಕವು ೧೯೨೦ರಲ್ಲಿ ಪ್ರಕಟವಾಯಿತು. ಅವರು ಕಥೆಯ ಕೊನೆಯನ್ನು ಬದಲಿಸಲಿಲ್ಲ, ಅರ್ಥವನ್ನು ಬದಲಿಸಿದರು. ವಧೆ ನಡೆಯುತ್ತದೆ, ಆದರೆ ಅದು ನ್ಯಾಯವಲ್ಲ, ಆರ್ಯರು ದ್ರಾವಿಡರ ಮೇಲೆ ನಡೆಸಿದ ಬಲಾತ್ಕಾರ. ರಾಮನು ಆಸ್ಥಾನದ ಪುರೋಹಿತವರ್ಗದ ಒತ್ತಾಯಕ್ಕೆ ಬಾಗಿದ ಅರಸ. ಹೀಗೆ ವಸ್ತುಸಂಗತಿಯನ್ನು ಉಳಿಸಿಕೊಂಡು ನಾಯಕನನ್ನು ಬಿಟ್ಟುಕೊಡುವುದು ಒಂದು ದಾರಿ.

ಕುವೆಂಪು ಅವರ ಶೂದ್ರತಪಸ್ವಿಯು ೧೯೪೪ರಲ್ಲಿ ಬಂದಿತು. ಅವರು ಹಿಡಿದ ದಾರಿ ಇದಕ್ಕೆ ವಿರುದ್ಧವಾದುದು: ನಾಯಕನನ್ನು ಉಳಿಸಿಕೊಂಡು ವಸ್ತುವನ್ನು ತಿದ್ದುವುದು. ಹಿಂದಿನ ಕವಿಗಳು ಮುಟ್ಟದೆ ಬಿಟ್ಟ ಕಾರಣದ ಕೊಂಡಿಗೇ ಅವರು ಕೈಹಾಕಿದರು. ಅವರ ನಾಟಕದಲ್ಲಿ ಬಾಲಕನ ಸಾವಿಗೆ ಕಾರಣ ಶಂಬೂಕನ ತಪಸ್ಸಲ್ಲ. ಆ ತಪಸ್ವಿಯನ್ನು ಶೂದ್ರನೆಂಬ ಒಂದೇ ಕಾರಣದಿಂದ ತಿರಸ್ಕರಿಸಿದ ಬ್ರಾಹ್ಮಣನ ಅವಿನಯ. ದೂರುಕೊಟ್ಟವನೇ ಅಪರಾಧಿ. ರಾಮನು ಇದನ್ನು ಬಲ್ಲವನಾಗಿ ಬ್ರಾಹ್ಮಣನನ್ನು ಜೊತೆಯಲ್ಲಿ ಕರೆತರುತ್ತಾನೆ. ಬಿಟ್ಟ ಬ್ರಹ್ಮಾಸ್ತ್ರವು ತಪಸ್ವಿಗೆ ನಮಿಸಿ ಬ್ರಾಹ್ಮಣನ ಕಡೆಗೆ ತಿರುಗುತ್ತದೆ. ಪ್ರಾಣಭಯದಿಂದ ಓಡಿದವನಿಗೆ ಕಡೆಗೆ ಕಣ್ಣು ತೆರೆದು, ಅವನು ಶಂಬೂಕನಿಗೆ ತಲೆಬಾಗುತ್ತಾನೆ, ಮಗನು ಬದುಕುತ್ತಾನೆ.

ಮಾಸ್ತಿಯವರು ಇದನ್ನು ಒಪ್ಪಲಿಲ್ಲ. ಪುರಾತನವಾದ ಕಥೆಯನ್ನು ಇಂದಿನ ಅಭಿಪ್ರಾಯದ ಪ್ರತಿಪಾದನೆಗಾಗಿ ಮಾರ್ಪಡಿಸುವುದು ಉಚಿತವಲ್ಲ, ಹೊಸ ಭಾವನೆಯನ್ನು ಹೇಳಬೇಕಾದವರು ಹೊಸ ಕಥೆಯನ್ನು ಕಟ್ಟುವುದು ಮೇಲು ಎಂಬುದು ಅವರ ಆಕ್ಷೇಪದ ಸಾರ. ಇದು ರಾಮಕಥೆಯನ್ನು ಕೇವಲ ಭಕ್ತಿಯಿಂದ ಓದಿದವರ ಮಾತಲ್ಲ. ಆದಿಕವಿ ವಾಲ್ಮೀಕಿ ಎಂಬ ಗ್ರಂಥದಲ್ಲಿ ರಾಮಾಯಣವನ್ನು ಕಾವ್ಯವೆಂದೇ ವಿಮರ್ಶಿಸಿದವರ ಮಾತು. ಕುವೆಂಪು ಅವರು ಪ್ರತಿಯಾಗಿ, ತಮ್ಮ ಮಾರ್ಪಾಟು ಶ್ರೀರಾಮನ ವ್ಯಕ್ತಿತ್ವಕ್ಕೆ ಕುಂದು ತರುವಂಥದಲ್ಲ, ಮೂಲದ ಪ್ರಸಂಗದಿಂದ ಅದಕ್ಕೆ ತಗುಲಿದ್ದ ಕಳಂಕವನ್ನು ತೊಳೆಯುವಂಥದು ಎಂಬ ನಿಲುವನ್ನು ತಳೆದರು.

೫

ಈ ಎರಡು ಪಕ್ಷಗಳೂ ಆನಂದವರ್ಧನನ ಧ್ವನ್ಯಾಲೋಕದ ಮೂರನೆಯ ಉದ್ದ್ಯೋತದಲ್ಲಿ ಅಕ್ಕಪಕ್ಕದಲ್ಲಿಯೇ ನಿಂತಿರುವುದನ್ನು ಕಾಣಬಹುದು. ಪ್ರಬಂಧದಲ್ಲಿ ರಸವನ್ನು ವ್ಯಂಜಿಸುವ ಬಗೆಯನ್ನು ಹೇಳುತ್ತ ಅವನು, ಇತಿವೃತ್ತದ ವಶದಿಂದ ಬಂದ ಸನ್ನಿವೇಶವು ರಸಕ್ಕೆ ಹೊಂದದಿದ್ದರೆ ಅದನ್ನು ಬಿಟ್ಟು ಹೊಂದುವ ಕಥೆಯನ್ನು ಕಲ್ಪಿಸಿಕೊಳ್ಳಬೇಕೆನ್ನುತ್ತಾನೆ. ನಡೆದುದನ್ನು ಒಪ್ಪಿಸುವುದು ಕವಿಯ ಕೆಲಸವಲ್ಲ, ಅದಕ್ಕೆ ಇತಿಹಾಸವೇ ಇದೆ ಎಂದು ಕಾರಣವನ್ನೂ ಕೊಡುತ್ತಾನೆ. ಇದು ಕುವೆಂಪು ಅವರ ಪಕ್ಷ. ಅದೇ ಸ್ಥಳದಲ್ಲಿ ಅವನು, ರಾಮಾಯಣವೇ ಮೊದಲಾದ ಸಿದ್ಧರಸಗಳಾದ ಕಥೆಗಳಲ್ಲಿ ರಸಕ್ಕೆ ವಿರೋಧವಾದ ಸ್ವೇಚ್ಛೆಯನ್ನು ಬೆರೆಸಬಾರದೆಂದೂ ಎಚ್ಚರಿಸಿ, ಕಥಾಮಾರ್ಗವನ್ನು ಸ್ವಲ್ಪವೂ ಮೀರಬಾರದೆಂಬ ಮಾತೊಂದನ್ನು ಉದಾಹರಿಸುತ್ತಾನೆ. ಇದು ಮಾಸ್ತಿಯವರ ಪಕ್ಷ. ಆ ಮಾತು ಯಶೋವರ್ಮನ ರಾಮಾಭ್ಯುದಯದ್ದೆಂದು ಅಭಿನವಗುಪ್ತನು ತಿಳಿಸುತ್ತಾನೆ. ಯಶೋವರ್ಮನು ಭವಭೂತಿಗೆ ಆಶ್ರಯದಾತನೆಂದು ರಾಜತರಂಗಿಣಿಯಿಂದ ತಿಳಿಯುತ್ತದೆ. ಕಥಾಮಾರ್ಗವನ್ನು ಮೀರಬಾರದೆಂದವನ ಆಸ್ಥಾನದಲ್ಲಿಯೇ ಅದನ್ನು ಮೀರಿದ ಕವಿಯೂ ಇದ್ದನು.

ಧನಂಜಯನ ದಶರೂಪಕವೂ ಇದನ್ನೇ ಹೇಳುತ್ತದೆ: ನಾಯಕನಿಗೆ ಅನುಚಿತವಾದುದನ್ನು, ರಸಕ್ಕೆ ವಿರುದ್ಧವಾದುದನ್ನು ಬಿಡಬೇಕು, ಇಲ್ಲವೆ ಬೇರೊಂದು ವಿಧವಾಗಿ ಕಲ್ಪಿಸಬೇಕು. ವ್ಯಾಖ್ಯಾನಕಾರನಾದ ಧನಿಕನು ಕೊಟ್ಟ ಉದಾಹರಣೆ ಮತ್ತೊಂದು ವಧೆ. ಮರೆಯಲ್ಲಿ ನಿಂತು ವಾಲಿಯನ್ನು ಕೊಂದುದನ್ನು ಮಾಯುರಾಜನು ಉದಾತ್ತರಾಘವದಲ್ಲಿ ಬಿಟ್ಟೇಬಿಟ್ಟನು. ಮಹಾವೀರಚರಿತದಲ್ಲಿ ಭವಭೂತಿಯು, ರಾವಣನ ಮಿತ್ರನಾದ ವಾಲಿಯೇ ರಾಮನನ್ನು ಕೊಲ್ಲಬಂದು ಹತನಾದನೆಂದು ಬದಲಾಯಿಸಿದನು. ಹತ್ತನೆಯ ಶತಮಾನದ ಲಾಕ್ಷಣಿಕರು ಇದನ್ನು ಅಪಚಾರವೆನ್ನದೆ ಮಾದರಿಯೆಂದು ಎತ್ತಿ ಹೇಳಿದರು.

ಆದುದರಿಂದ ಕಥೆಯನ್ನು ಬದಲಿಸಬಹುದೆ ಎಂಬುದು ನಿಜವಾದ ಪ್ರಶ್ನೆಯಲ್ಲ. ಬದಲಾವಣೆಯು ರಸವಿರೋಧಿಯೆ, ರಸಾನುಗುಣವೆ ಎಂಬುದೇ ಪ್ರಶ್ನೆ. ಅದನ್ನು ತೀರ್ಮಾನಿಸಬೇಕಾದರೆ ಮೊದಲು ಕೇಳಿದ ಎರಡು ಪ್ರಶ್ನೆಗಳಿಗೇ ಮರಳಬೇಕಾಗುತ್ತದೆ.

ವಸ್ತುಸಂಗತಿಯ ದೃಷ್ಟಿಯಿಂದ ಶೂದ್ರತಪಸ್ವಿಯು ಮೂಲಕ್ಕಿಂತ ಮೇಲಾದುದೆಂದು ಹೇಳಬೇಕು. ಎಲ್ಲಿಯೋ ತಪಸ್ಸು ಮಾಡುವವನಿಗೂ ಅಯೋಧ್ಯೆಯ ಬಾಲಕನ ಸಾವಿಗೂ ಇರುವ ಸಂಬಂಧವನ್ನು ಮೂಲದಲ್ಲಿ ನಾರದನ ಮಾತೊಂದರಿಂದಲೇ ನಂಬಬೇಕು. ಇಲ್ಲಿ ಅವಮಾನವೂ ಅದರ ಫಲವೂ ಪ್ರೇಕ್ಷಕನ ಕಣ್ಣೆದುರಿಗಿವೆ. ಆದರೂ ಒಂದು ಸಂದೇಹ ಉಳಿಯುತ್ತದೆ. ತಂದೆಯ ಗರ್ವಕ್ಕೆ ಮಗನೇಕೆ ಸಾಯಬೇಕು? ಹಳೆಯ ಕಥೆಯಲ್ಲಿ ನಿರಪರಾಧಿಗಳಿಬ್ಬರು, ಬಾಲಕನೂ ತಪಸ್ವಿಯೂ. ಹೊಸ ಕಥೆ ತಪಸ್ವಿಯನ್ನು ಬಿಡಿಸಿತು. ಬಾಲಕನು ಮಾತ್ರ ಹಿಂದಿನಂತೆಯೇ ಪರರ ತಪ್ಪಿಗೆ ಸತ್ತು ಪರರ ಪಶ್ಚಾತ್ತಾಪದಿಂದ ಬದುಕಬೇಕಾಗಿದೆ.

ಪಾತ್ರದ ದೃಷ್ಟಿಯಿಂದ ನೋಡಿದರೆ ಲಾಭವೂ ನಷ್ಟವೂ ಒಟ್ಟಿಗೆ ಬಂದಿವೆ. ಭವಭೂತಿಯ ರಾಮನು ಮಾಡಬಾರದುದನ್ನು ಮಾಡಿ ನೊಂದವನು. ಅವನ ಒಳಗೆ ಹೋರಾಟವಿದೆ. ಕುವೆಂಪು ಅವರ ರಾಮನು ಮೊದಲಿನಿಂದಲೂ ಸತ್ಯವನ್ನು ಬಲ್ಲವನು. ಅವನು ಕಲಿಸುವವನು, ಕಲಿಯುವವನಲ್ಲ. ಕಳಂಕ ಹೋದುದರೊಡನೆ ತಳಮಳವೂ ಹೋಯಿತು. ನಾಟಕದಲ್ಲಿ ಪರಿವರ್ತನೆಯನ್ನು ಹೊಂದುವವನು ಬ್ರಾಹ್ಮಣನೊಬ್ಬನೇ. ಶಾಸ್ತ್ರವನ್ನು ಬಾಯಲ್ಲಿ ಹೊತ್ತು ಬಂದವನು ವಿನಯವನ್ನು ಕಲಿತು ಹೋಗುತ್ತಾನೆ. ಹೆಸರು ಶೂದ್ರತಪಸ್ವಿಯದಾದರೂ ಕಥೆ ಅವನದೇ. ಇದನ್ನು ಒಪ್ಪಿದರೆ ಮಾಸ್ತಿಯವರ ಆಕ್ಷೇಪದ ಬಲವೂ ಮಿತಿಯೂ ಒಟ್ಟಿಗೆ ಕಾಣುತ್ತವೆ. ಸಿದ್ಧವಾದ ಕಥೆಯಲ್ಲಿ ಒಂದು ಕೊಂಡಿಯನ್ನು ಬದಲಿಸಿದರೆ ಪಾತ್ರಗಳ ತೂಕವೆಲ್ಲ ಬದಲಾಗುತ್ತದೆಂದು ಅವರು ಶಂಕಿಸಿದ್ದು ನಿಜವಾಯಿತು. ಆದರೆ ಹಾಗೆ ಬದಲಾದ ತೂಕದಿಂದಲೇ, ಸಾವಿರಾರು ವರ್ಷ ಪ್ರಶ್ನೆಗೆ ಒಳಗಾಗದೆ ನಿಂತಿದ್ದ ದೂರುಗಾರನು ಮೊದಲ ಬಾರಿಗೆ ವಿಚಾರಣೆಗೆ ಒಳಗಾದನು.

೬

ಕುವೆಂಪು ಅವರು ೧೯೪೯ರಲ್ಲಿ ಪ್ರಕಟವಾದ ಶ್ರೀರಾಮಾಯಣದರ್ಶನಂ ಮಹಾಕಾವ್ಯವನ್ನು ಪಟ್ಟಾಭಿಷೇಕದೊಡನೆ ಮುಗಿಸಿದರು, ಉತ್ತರಕಾಂಡವನ್ನು ಮುಟ್ಟಲಿಲ್ಲ. ಮಾಸ್ತಿಯವರೂ ತಮ್ಮ ರಾಮಕಾವ್ಯಕ್ಕೆ ಶ್ರೀರಾಮಪಟ್ಟಾಭಿಷೇಕವೆಂದೇ ಹೆಸರಿಟ್ಟರು. ವಾದದಲ್ಲಿ ಎದುರುನಿಂತ ಇಬ್ಬರು ಕವಿಗಳೂ ರಾಮನನ್ನು ಸಿಂಹಾಸನದ ಮೇಲೆ ಕೂರಿಸಿ ಲೇಖನಿಯನ್ನಿಟ್ಟರು. ಸಿಂಹಾಸನವನ್ನೇರಿದ ಮೇಲೆ ಅರಸನ ಬಾಗಿಲಿಗೆ ಬಂದ ದೂರುಗಳ ಕಥೆ ಮಾತ್ರ ಆವನಿಯ ಬೆಟ್ಟದ ಸೀಮೆಯಲ್ಲಿ ಇಂದಿಗೂ ಜನರ ನಾಲಗೆಯ ಮೇಲಿದೆ. ಸೀತೆಯನ್ನು ಕಾಡಿಗೆ ಕಳುಹಿಸಿದ್ದು ಸರಿಯೆ ಎಂದು ಅಲ್ಲಿ ಕೇಳುವವರೂ, ಶಂಬೂಕನನ್ನು ಕೊಂದದ್ದು ಸರಿಯೆ ಎಂದು ಗ್ರಂಥಗಳಲ್ಲಿ ಕೇಳಿದವರೂ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಆ ಪ್ರಶ್ನೆಯನ್ನು ಮೊದಲು ಕಾವ್ಯದೊಳಗೇ ಕೇಳಿದವನು, ತನ್ನ ಬಲಗೈಯನ್ನು ತಾನೇ ಹಳಿದುಕೊಂಡ ಭವಭೂತಿಯ ರಾಮನು.