ಕೋಡ್ ಬಂದರೂ ಉಳಿದ ಕಸುಬು

ಅಮೆರಿಕದ ಹಳೆಯ ಪಿಕಪ್ ಟ್ರಕ್ಕುಗಳ ಎಂಜಿನ್ ಮತ್ತೆ ಮತ್ತೆ ಮಿಸ್ ಹೊಡೆಯುವುದನ್ನು ಪತ್ತೆಹಚ್ಚುವ ಕಸುಬನ್ನು ಕಂಪ್ಯೂಟರ್ ಬರುವ ಮೊದಲು, ಬಂದ ಮೇಲೆ ಎಂದು ಎರಡಾಗಿ ಸೀಳುವುದು ಸುಲಭ; ಆದರೆ ಅದು ಅರ್ಧ ಮಾತ್ರ ಸರಿ. ಡಿಸ್ಟ್ರಿಬ್ಯೂಟರ್ ಕಾಲದ ಮೆಕ್ಯಾನಿಕ್ ಓಡುವ ಎಂಜಿನ್ನಿನಲ್ಲಿ ಒಂದೊಂದೇ ಪ್ಲಗ್ಗಿನ ಕಿಡಿ ತಪ್ಪಿಸಿ ನೋಡುತ್ತಿದ್ದ. ತಪ್ಪಿಸಿದರೂ ವೇಗ ಇಳಿಯದಿದ್ದರೆ ಆ ಸಿಲಿಂಡರ್ ಮೊದಲೇ ಕೆಲಸ ಬಿಟ್ಟಿದೆ ಎಂದರ್ಥ. 1970ರ ದಶಕದಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ ಹರಡಿ, ಡಿಸ್ಟ್ರಿಬ್ಯೂಟರಿನೊಳಗೆ ಸವೆಯುವ ಪಾಯಿಂಟುಗಳು ಮರೆಯಾದವು. 1996ರ ಮಾಡೆಲ್‌ನಿಂದ ಅಲ್ಲಿನ ಕಾರು, ಲಘು ಟ್ರಕ್ಕುಗಳಿಗೆ ದೋಷವನ್ನು ತಾನೇ ಗುರುತಿಸಿ ಕೋಡ್ ಕೊಡುವ ಒಬಿಡಿ-2 ಎಂಬ ಕಂಪ್ಯೂಟರ್ ವ್ಯವಸ್ಥೆ ಕಡ್ಡಾಯವಾಯಿತು. ಕ್ರ್ಯಾಂಕ್‌ಶಾಫ್ಟಿನ ವೇಗ ಕ್ಷಣಮಾತ್ರ ಕುಗ್ಗುವುದನ್ನು ಅಳೆದು, ಪಿ0303 ಎಂದರೆ ಮೂರನೆಯ ಸಿಲಿಂಡರ್ ಎಂದು ಯಂತ್ರವೇ ಬೆರಳು ತೋರಿಸತೊಡಗಿತು.

ಆದರೆ ಈ ಏರ್ಪಾಡು ಹುಟ್ಟಿದ್ದು ಮುಖ್ಯವಾಗಿ ಹೊಗೆ ನಿಯಂತ್ರಣಕ್ಕೆ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರನ್ನು ಅತಿಯಾಗಿ ಕಾಯಿಸಿ ಕೆಡಿಸುತ್ತದೆ. ಅದನ್ನು ತಡೆಯಲು ಮಿಸ್ ಆಗಿದೆಯೆಂದು ತಿಳಿದರೆ ಸಾಕು; ಹೀಗಾಗಿ ಕೋಡ್ ಎಲ್ಲಿ ಎನ್ನುತ್ತದೆ, ಏಕೆ ಎನ್ನುವುದಿಲ್ಲ. ಕಾಯಿಲ್, ಪ್ಲಗ್, ಇಂಜೆಕ್ಟರ್, ಸುಟ್ಟ ವಾಲ್ವ್ ಎಲ್ಲಕ್ಕೂ ಅದೇ ಕೋಡ್ ಬರಬಹುದು. ಪ್ರತಿ ಪ್ಲಗ್ಗಿಗೂ ಕಾಯಿಲ್ ಇರುವ ಎಂಜಿನ್ನಿನಲ್ಲಿ ಮೂರರ ಕಾಯಿಲನ್ನು ಐದಕ್ಕೂ ಐದರದ್ದನ್ನು ಮೂರಕ್ಕೂ ಹಾಕಿದಾಗ ದೋಷ ಪಿ0305 ಆಗಿ ಹಿಂಬಾಲಿಸಿದರೆ ಕಾಯಿಲೇ ತಪ್ಪಿತಸ್ಥ; ಅಲ್ಲೇ ಉಳಿದರೆ ಪ್ಲಗ್, ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ ಪರೀಕ್ಷೆ. ಕೂಲಿ ದುಬಾರಿಯಾದ ದೇಶದಲ್ಲಿ ಎಲ್ಲವನ್ನೂ ಒಟ್ಟಿಗೆ ಬದಲಿಸುವುದೇ ಅಗ್ಗವಲ್ಲವೇ ಎಂಬ ಆಕ್ಷೇಪವಿದೆ. ಆಯುಷ್ಯ ಮುಗಿದ ಪ್ಲಗ್ಗುಗಳ ಮಟ್ಟಿಗೆ ಅದು ನ್ಯಾಯವೇ. ಆದರೆ ಬದಲಿಸಿದ ಮೇಲೂ ಮಿಸ್ ಮರುಕಳಿಸಿದರೆ ಕಾರಣ ಬೇರೆಡೆ ಇರುವ ಸಾಧ್ಯತೆಯೇ ಹೆಚ್ಚು. ಜೊತೆಗೆ ಎಲ್ಲವೂ ಬದಲಾಗಿರುವುದರಿಂದ ಸುಳಿವೂ ಅಳಿಸಿರುತ್ತದೆ. ಕಂಪ್ಯೂಟರ್ ಹುಡುಕಾಟದ ಹರವನ್ನು ಕಿರಿದುಗೊಳಿಸಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವ ಶಿಸ್ತನ್ನು ಅನಗತ್ಯಗೊಳಿಸಲಿಲ್ಲ.